ಎಂಜಿನ್ ಹೋದ ಮೇಲೆ ಮೂರು ದಾರಿ: ಸೆಕೆಂಡ್‌ಹ್ಯಾಂಡ್, ಹೊಸ ಶಾರ್ಟ್ ಬ್ಲಾಕ್, ಫೋರ್ಜ್ಡ್

ಟ್ರ್ಯಾಕ್‌ನಲ್ಲಿ ಉದ್ದನೆಯ ಬಲ ತಿರುವು. ಮೂರನೇ ಗೇರ್‌ನಲ್ಲಿದ್ದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೆ. ತಿರುವು ಮುಗಿಯುವಷ್ಟರಲ್ಲಿ ಎಂಜಿನ್‌ನ ಒಳಗಿನಿಂದ ಟಕ ಟಕ ಸದ್ದು ಶುರುವಾಯಿತು. ಕಾಲು ತೆಗೆದರೂ ನಿಲ್ಲಲಿಲ್ಲ. ಪಿಟ್‌ಗೆ ತಂದು ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಬೆಳಗ್ಗೆ ನಾನು ಅದನ್ನು ನೋಡದೆ ಹೊರಟಿದ್ದೆ. ತಪ್ಪು ನನ್ನದೇ.

ಕಾರು 2006ರ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. ಒಳಗಿರುವುದು ಇಜೆ257, ಅಂದರೆ 2,457 ಸಿಸಿಯ ನಾಲ್ಕು ಸಿಲಿಂಡರ್ ಬಾಕ್ಸರ್ ಟರ್ಬೊ. ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿರುತ್ತವೆ. ಜೋರಾಗಿ ತಿರುಗಿದಾಗ ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ. ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ ಮೊದಲೇ ಕಡಿಮೆ ಇದ್ದರೆ, ಅಲ್ಲಿಂದ ಆಯಿಲ್ ಎಳೆಯುವ ಪಿಕಪ್ ಪೈಪ್ ಗಾಳಿ ಹೀರುತ್ತದೆ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಸೆಕೆಂಡಿಗೆ 100 ಸುತ್ತು ತಿರುಗುತ್ತಿರುತ್ತದೆ. ಒಂದೆರಡು ಸೆಕೆಂಡ್ ಆಯಿಲ್ ಸಿಗದಿದ್ದರೆ ಬೇರಿಂಗ್ ಕಥೆ ಮುಗಿಯಿತು.

ಆ ದಿನದಿಂದ ಇವತ್ತಿನವರೆಗೆ ಮೂರು ದಾರಿಯನ್ನೂ ಹತ್ತಿರದಿಂದ ನೋಡಿದ್ದೇನೆ. ಮೊದಲು ನನ್ನ ಕಾರಿಗೆ ಸೆಕೆಂಡ್‌ಹ್ಯಾಂಡ್ ಎಂಜಿನ್ ಹಾಕಿಸಿದೆ. ಅದೂ ಹೋದ ಮೇಲೆ ಫೋರ್ಜ್ಡ್, ಅಂದರೆ ಎರಕ ಹೊಯ್ಯದೆ ಲೋಹವನ್ನು ಒತ್ತಿ ರೂಪಿಸಿದ ಪಿಸ್ಟನ್ ಹಾಕಿ ಪೂರ್ತಿ ಕಟ್ಟಿಸಿದೆ. ತಮ್ಮನ ಹತ್ತಿರವೂ ಇದೇ ಕಾರು, ಇದೇ ಎಂಜಿನ್. ಅವನದು ಕೂಲಂಟ್ ಹೋಸ್ ಒಡೆದು ಬಿಸಿಯಾಗಿ ಹೋಗಿತ್ತು. ಅವನು ಕಂಪನಿಯ ಹೊಸ ಶಾರ್ಟ್ ಬ್ಲಾಕ್, ಅಂದರೆ ಹೆಡ್ (ಸಿಲಿಂಡರ್ ಮುಚ್ಚಳ) ಇಲ್ಲದ ಎಂಜಿನ್ ತರಿಸಿದ. ಎರಡೂ ಕಾರನ್ನು ಒಂದೇ ಗ್ಯಾರೇಜಿನಲ್ಲಿ ಪಕ್ಕಪಕ್ಕ ಕಟ್ಟಿದೆವು. ಹಾಗಾಗಿ ಇದು ಓದಿ ತಿಳಿದ ಹೋಲಿಕೆ ಅಲ್ಲ.

ಸೆಕೆಂಡ್‌ಹ್ಯಾಂಡ್ ಎಂಜಿನ್ ಬೇಗ ಆಗುವ ಕೆಲಸ. ಒಂದು ವಾರದಲ್ಲಿ ಕಾರು ರಸ್ತೆಗೆ ಬಂತು. ಹಾಕುವ ಮುಂಚೆ ಸಿಲಿಂಡರ್ ಒತ್ತಡ ಹಿಡಿಯುತ್ತದಾ, ಎಲ್ಲಿ ಸೋರುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ ಎರಡೂ ಮಾಡಿಸಿದ್ದೆ. ನಾಲ್ಕೂ ಸಿಲಿಂಡರ್ ಸರಿಯಾಗಿದ್ದವು. ಆದರೆ ಈ ಎರಡು ಟೆಸ್ಟ್‌ಗಳು ಹೇಳುವುದು ಪಿಸ್ಟನ್ ಸುತ್ತಲಿನ ರಿಂಗ್, ವಾಲ್ವ್, ಹೆಡ್ ಗ್ಯಾಸ್ಕೆಟ್ ಬಗ್ಗೆ ಮಾತ್ರ. ಬೇರಿಂಗ್ ಹೇಗಿದೆ ಅಂತ ಅವು ಹೇಳುವುದಿಲ್ಲ. ಅದಕ್ಕೆ ಆಯಿಲ್ ಪ್ರೆಶರ್ ನೋಡಬೇಕು, ಸಂಪ್ ಬಿಚ್ಚಿ ನೋಡಬೇಕು. ನಾನು ಬಿಚ್ಚಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಹಳೆ ಎಂಜಿನ್‌ನ ಆಯಿಲ್ ಕೂಲರನ್ನೇ ತೊಳೆದು ಮತ್ತೆ ಹಾಕಿಸಿದೆ. ಫಿಲ್ಟರ್ ಕೂರುವ ಜಾಗದಲ್ಲೇ ಇರುವ ಸಣ್ಣ ಕೂಲರ್ ಅದು. ಒಳಗೆ ಪದರ ಪದರವಾಗಿ ಸಣ್ಣ ದಾರಿಗಳಿರುತ್ತವೆ. ಬೇರಿಂಗ್ ಹೋದಾಗ ಉದುರಿದ ಚೂರುಗಳು ಆ ಪದರಗಳಲ್ಲಿ ಕೂತಿರುತ್ತವೆ. ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಆಮೇಲೆ ಬಿಸಿ ಆಯಿಲ್ ಹರಿದಾಗ ಒಂದೊಂದಾಗಿ ಬಿಟ್ಟುಕೊಂಡು ಹೊರಡುತ್ತವೆ.

ಆರು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಅದೇ ಟಕ ಟಕ. ಈ ಸಲ ಆಯಿಲ್ ಮಟ್ಟ ಸರಿಯಾಗಿಯೇ ಇತ್ತು. ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದೆವು. ಮೀನಿನ ಪೊರೆಯ ಹಾಗೆ ಮಿಣಮಿಣ ಅನ್ನುವ ಚೂರುಗಳು. ಆಯಸ್ಕಾಂತ ಇಟ್ಟರೆ ಕೆಲವು ಮಾತ್ರ ಅಂಟಿದವು. ಅಂಟದೆ ಉಳಿದದ್ದು ಬೇರಿಂಗ್‌ನ ಮೇಲ್ಪದರ. ಎಂಜಿನ್ ಬಿಚ್ಚಿದಾಗ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಒಂದು ರಾಡ್‌ನ ಎರಡು ಅರ್ಧ ಬೇರಿಂಗ್‌ಗಳೂ ಜಾಗ ಬಿಟ್ಟು ಸುತ್ತಿ, ಒಂದರ ಮೇಲೊಂದು ಹತ್ತಿ ತಗಡಿನಷ್ಟು ತೆಳ್ಳಗಾಗಿದ್ದವು. ಕ್ರ್ಯಾಂಕ್‌ನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಸೆಕೆಂಡ್‌ಹ್ಯಾಂಡ್ ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸ ಆಯಿಲ್ ಕೂಲರ್, ಹೊಸ ಪಿಕಪ್ ಪೈಪ್ ಹಾಕಿ, ಟರ್ಬೊಗೆ ಆಯಿಲ್ ಕೊಡುವ ಪೈಪ್ ಮತ್ತು ಅದರ ಬೋಲ್ಟ್ ಒಳಗಿನ ಸಣ್ಣ ಜಾಲರಿ ನೋಡಿಸಿದ್ದರೆ ಅದು ಇವತ್ತಿಗೂ ಓಡುತ್ತಿತ್ತೋ ಏನೋ. ಮೊದಲ ಎಂಜಿನ್ ಯಾಕೆ ಹೋಯಿತು ಅನ್ನುವುದನ್ನು ಬಗೆಹರಿಸದೆ ಎರಡನೆಯದನ್ನು ಕೂರಿಸಿದೆ. ಮೂರು ದಾರಿಯಲ್ಲಿ ಯಾವುದನ್ನು ಹಿಡಿದರೂ ಈ ಕೆಲಸ ತಪ್ಪುವುದಿಲ್ಲ.

ಈಗ ತಮ್ಮನ ಶಾರ್ಟ್ ಬ್ಲಾಕ್. ಬ್ಲಾಕ್, ಕ್ರ್ಯಾಂಕ್, ರಾಡ್, ಪಿಸ್ಟನ್ ಎಲ್ಲ ಜೋಡಿಸಿಯೇ ಬರುತ್ತದೆ. ಹೆಡ್‌ಗಳು ಮಾತ್ರ ಹಳೆಯವು. ಬಿಸಿಯಾಗಿ ಹೋದ ಎಂಜಿನ್ ಆದ್ದರಿಂದ ಹೆಡ್‌ಗಳು ಬಾಗಿವೆಯಾ ಅಂತ ನೋಡಿಸಿ, ಮೇಲ್ಮೈ ಸಮ ಮಾಡಿಸಿ, ಲೋಹದ ಪದರಗಳ ಹೊಸ ಗ್ಯಾಸ್ಕೆಟ್ ಹಾಕಿದೆವು. ಇದರ ದೊಡ್ಡ ಅನುಕೂಲ ಏನು ಅಂದರೆ, ಅಳತೆಯ ತಲೆನೋವು ನಮ್ಮದಲ್ಲ. ಎಲ್ಲ ಗ್ಯಾಪ್‌ಗಳನ್ನೂ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಕಟ್ಟುವವರ ಕೈ ಸ್ವಲ್ಪ ಆಚೀಚೆ ಆದರೂ ಕೆಡುವ ಜಾಗ ಕಡಿಮೆ. ಕೊರತೆ ಅಂದರೆ ಪಿಸ್ಟನ್‌ಗಳು ಎರಕದವು. ಸಿಲಿಕಾನ್ ಜಾಸ್ತಿ ಇರುವ ಲೋಹ. ಬೇಗ ಸವೆಯುವುದಿಲ್ಲ, ಬಿಸಿಗೆ ಕಡಿಮೆ ಹಿಗ್ಗುತ್ತದೆ, ಆದರೆ ಪೆಡಸು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿ, ನಾಕಿಂಗ್ (ಇಂಧನ ಅಸಹಜವಾಗಿ ಸಿಡಿಯುವುದು) ಆಗುತ್ತಿದ್ದರೂ ಓಡಿಸಿದರೆ ರಿಂಗ್ ಕೂರುವ ಅಂಚು ಮುರಿಯುತ್ತದೆ.

ನನ್ನದು ಫೋರ್ಜ್ಡ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಲ್ಲರೂ ಫೋರ್ಜ್ಡ್ ಹಾಕಿಸು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಫೋರ್ಜ್ಡ್ ಪಿಸ್ಟನ್‌ನಲ್ಲೂ ಹೆಚ್ಚಾಗಿ ಸಿಗುವುದು ಎರಡು ಅಲ್ಯೂಮಿನಿಯಂ ಮಿಶ್ರಲೋಹ, 4032 ಮತ್ತು 2618. 4032ರಲ್ಲಿ ಸುಮಾರು ಶೇ. 12 ಸಿಲಿಕಾನ್ ಇರುತ್ತದೆ. ಕಡಿಮೆ ಹಿಗ್ಗುತ್ತದೆ, ಹಾಗಾಗಿ ಸಿಲಿಂಡರ್‌ನಲ್ಲಿ ಬಿಗಿಯಾಗಿ ಕೂರಿಸಬಹುದು. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಏಟು ತಡೆಯುವ ಶಕ್ತಿ ಜಾಸ್ತಿ, ಹಿಗ್ಗುವುದೂ ಜಾಸ್ತಿ. ಅದಕ್ಕೆ ಸಡಿಲ ಬಿಡಲೇಬೇಕು. ನಾನು 2618 ಆರಿಸಿದೆ. ಬೋರ್, ಅಂದರೆ ಸಿಲಿಂಡರ್ ವ್ಯಾಸವನ್ನು 99.5ರಿಂದ 99.75 ಮಿ.ಮೀ.ಗೆ ಏರಿಸಿ, ಪಿಸ್ಟನ್‌ಗೂ ಗೋಡೆಗೂ ನಡುವೆ 0.09 ಮಿ.ಮೀ. ಬಿಟ್ಟರು. ಸಿಲಿಂಡರ್ ಗೋಡೆ ಉಜ್ಜುವ ಹೋನಿಂಗ್ ಮಾಡುವಾಗ ಹೆಡ್ ಇರುವ ಜಾಗದಲ್ಲಿ ದಪ್ಪ ಪ್ಲೇಟ್ ಬಿಗಿದಿದ್ದರು. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಒಂದಿಷ್ಟು ಸೊಟ್ಟಗಾಗುತ್ತದೆ. ಪ್ಲೇಟ್ ಹಾಕಿ ಉಜ್ಜಿದರೆ ಆ ಸೊಟ್ಟದಲ್ಲೇ ದುಂಡಗೆ ಬರುತ್ತದೆ.

ರಿಂಗ್ ಗ್ಯಾಪ್ ಹೊಂದಿಸುವುದನ್ನು ನಾನೇ ಕೂತು ನೋಡಿದೆ. ರಿಂಗನ್ನು ಸಿಲಿಂಡರ್ ಒಳಗೆ ಸಮವಾಗಿ ಇಳಿಸಿ, ತುದಿಗಳ ನಡುವೆ ಫೀಲರ್ ಗೇಜ್ ಅನ್ನುವ ತೆಳು ಅಳತೆ ತಗಡು ತೂರಿಸುತ್ತಾರೆ. ತೂರದಿದ್ದರೆ ಹೊರಗೆ ತೆಗೆದು ತುದಿಯನ್ನು ಎರಡು ಸಲ ಅರ ಉಜ್ಜಿ ಮತ್ತೆ ಇಳಿಸುತ್ತಾರೆ. ಮೇಲಿನ ರಿಂಗ್‌ಗೆ 0.55 ಮಿ.ಮೀ. ಬರುವವರೆಗೆ ಇದೇ ಕೆಲಸ. ಟರ್ಬೊ ಎಂಜಿನ್‌ನಲ್ಲಿ ಗ್ಯಾಪ್ ಕಡಿಮೆಯಾದರೆ ರಿಂಗ್ ಬಿಸಿಗೆ ಹಿಗ್ಗಿ ತುದಿಗೆ ತುದಿ ಒತ್ತುತ್ತದೆ. ಆಗ ಫೋರ್ಜ್ಡ್ ಪಿಸ್ಟನ್ ಕೂಡ ಉಳಿಯುವುದಿಲ್ಲ. ರಾಡ್ ಬೇರಿಂಗ್ ಗ್ಯಾಪ್ 0.05 ಮಿ.ಮೀ. ಜರ್ನಲ್ (ಬೇರಿಂಗ್ ಕೂರುವ ಕ್ರ್ಯಾಂಕ್ ಭಾಗ) ವ್ಯಾಸದ ಸಾವಿರದಲ್ಲೊಂದು ಭಾಗ ಅನ್ನುವುದು ಹಳೆಯ ಲೆಕ್ಕ. ಇದರ ಜರ್ನಲ್ 52 ಮಿ.ಮೀ., ಹೊಂದುತ್ತದೆ.

ಎರಡೂ ಕಾರಿಗೆ ಮೊದಲು ಮಿನರಲ್ ಆಯಿಲ್ ಹಾಕಿದೆವು. 50 ಕಿಲೋಮೀಟರ್ ಆದಾಗ ಒಂದು ಸಲ, 500 ಆದಾಗ ಇನ್ನೊಂದು ಸಲ ಬದಲಿಸಿದೆವು. ಒಂದೇ ವೇಗದಲ್ಲಿ ಓಡಿಸದೆ ಏರಿಸಿ ಇಳಿಸಿ ಓಡಿಸಿದೆವು.

ಈಗ ಎರಡನ್ನೂ ಬದಲಿಸಿ ಬದಲಿಸಿ ಓಡಿಸುತ್ತೇವೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ತಮ್ಮನ ಎಂಜಿನ್ ಸದ್ದಿಲ್ಲದೆ ಓಡುತ್ತಿರುತ್ತದೆ. ನನ್ನದು ಬಿಸಿಯಾಗುವವರೆಗೆ ಡೀಸೆಲ್ ಗಾಡಿಯ ಹಾಗೆ ಕಟಕಟ ಅನ್ನುತ್ತದೆ. ಸಡಿಲ ಬಿಟ್ಟ ಪಿಸ್ಟನ್ ಗೋಡೆಗೆ ಬಡಿಯುವ ಸದ್ದು ಅದು. ಎರಡು ಎಂಜಿನ್ ಕಳೆದುಕೊಂಡವನಿಗೆ ಮೊದಲ ತಿಂಗಳು ಆ ಸದ್ದು ಕೇಳಿ ಎದೆ ಝಲ್ ಅನ್ನುತ್ತಿತ್ತು. ಸಾವಿರ ಕಿಲೋಮೀಟರ್‌ಗೆ ನನ್ನದು ತಮ್ಮನದಕ್ಕಿಂತ ಜಾಸ್ತಿ ಆಯಿಲ್ ಕುಡಿಯುತ್ತದೆ. ಕಂಪನಿ ಬೂಸ್ಟ್‌ನಲ್ಲಿ ಓಡಿಸಿದಾಗ ಎರಡರ ಎಳೆತದಲ್ಲಿ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಪಿಸ್ಟನ್ ಬದಲಿಸಿದ್ದರಿಂದ ಪವರ್ ಬರುವುದಿಲ್ಲ ಅಲ್ವಾ, ಬೂಸ್ಟ್ ಏರಿಸುವ ಧೈರ್ಯ ಬರುತ್ತದೆ, ಅಷ್ಟೆ. ದೊಡ್ಡ ಟರ್ಬೊ ಹಾಕಿ ಟ್ಯೂನ್ ಮಾಡಿಸಿದ ಮೇಲೆ ನನ್ನ ಕಾರು ಬೇರೆಯೇ ಆಯಿತು. 4,000 ಆರ್‌ಪಿಎಂ ದಾಟಿದ ಮೇಲೆ ತಮ್ಮನದು ಹತ್ತಿರ ಬರುವುದಿಲ್ಲ. ಅದಕ್ಕಿಂತ ಕೆಳಗೆ, ಊರೊಳಗಿನ ಓಡಾಟದಲ್ಲಿ, ಅವನದೇ ಚುರುಕು.

ಖರ್ಚು? ಸೆಕೆಂಡ್‌ಹ್ಯಾಂಡ್‌ಗೆ ಆದದ್ದರ ಎರಡು ಪಟ್ಟು ತಮ್ಮನಿಗೆ, ಮೂರು ಪಟ್ಟಿಗಿಂತ ಜಾಸ್ತಿ ನನಗೆ.

ಟರ್ಬೊ ಕೊಡುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನಲ್ಲೂ ಎರಡು ಬಗೆ ನೋಡಿದೆ. ಎಂಜಿನ್ ಮೇಲೆ ಕೂರುವುದು ಬೇಗ ಬೂಸ್ಟ್ ಕೊಡುತ್ತದೆ, ಆದರೆ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಸಿಯನ್ನೆಲ್ಲ ಕುಡಿಯುತ್ತದೆ. ಮುಂದೆ ಕೂರುವುದು ಟ್ರ್ಯಾಕ್‌ನಲ್ಲಿ ತಣ್ಣಗಿರುತ್ತದೆ, ಪೈಪ್ ಉದ್ದವಾದ್ದರಿಂದ ಸ್ವಲ್ಪ ತಡ. ದೊಡ್ಡ ಟರ್ಬೊ ಇಲ್ಲದಿದ್ದರೆ ಮೇಲಿನದೇ ಸಾಕು.

ಹಾಕಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳಿದ್ದು ಟರ್ಬೊ ಅಲ್ಲ. ತಿರುವಿನಲ್ಲಿ ಆಯಿಲ್ ಓಡಿಹೋಗದಂತೆ ಒಳಗೆ ತಡೆಗೋಡೆ ಇರುವ ಸಂಪ್, ಗಟ್ಟಿ ಪಿಕಪ್ ಪೈಪ್, ಕಣ್ಣೆದುರಿಗೊಂದು ಆಯಿಲ್ ಪ್ರೆಶರ್ ಗೇಜ್. ಡ್ಯಾಶ್‌ಬೋರ್ಡಿನ ಕೆಂಪು ದೀಪ ಪ್ರೆಶರ್ ತೀರಾ ಬಿದ್ದ ಮೇಲೆ ಹತ್ತುತ್ತದೆ. ಗೇಜ್ ಆದರೆ ಬೀಳುವಾಗಲೇ ತೋರಿಸುತ್ತದೆ. ಮೊದಲ ದಿನ ಅದೇ ಬಲ ತಿರುವಿಗೆ ಹೋದಾಗ ಕಣ್ಣು ರಸ್ತೆಗಿಂತ ಜಾಸ್ತಿ ಗೇಜ್ ಮೇಲಿತ್ತು. ಮುಳ್ಳು ಅಲುಗಾಡಲಿಲ್ಲ.

ದಿನಾ ಓಡಿಸುವ ಕಾರು, ಕಂಪನಿ ಬೂಸ್ಟ್ ಸಾಕು ಅನ್ನುವವರು ತಮ್ಮನ ದಾರಿ ಹಿಡಿಯಿರಿ. ಉಳಿದ ದುಡ್ಡನ್ನು ಸಂಪ್‌ಗೆ, ಗೇಜ್‌ಗೆ, ಹೊಸ ಆಯಿಲ್ ಕೂಲರ್‌ಗೆ ಹಾಕಿ. ಬೂಸ್ಟ್ ಏರಿಸುವುದು ಖಂಡಿತ ಅನ್ನುವವರಿಗೆ ಫೋರ್ಜ್ಡ್, ಅದೂ ಅಳತೆಗಳನ್ನು ಬರೆದು ಕೈಗೆ ಕೊಡುವವರ ಹತ್ತಿರ ಮಾತ್ರ. ನಾನು ಮತ್ತೊಮ್ಮೆ ಕಟ್ಟಿಸುವುದಾದರೆ 2618 ಬಿಟ್ಟು 4032 ಹಾಕಿಸುತ್ತೇನೆ. ನನ್ನ ಕಾರು ವರ್ಷಕ್ಕೆ ಮೂರ್ನಾಲ್ಕು ದಿನ ಟ್ರ್ಯಾಕ್‌ನಲ್ಲಿರುತ್ತದೆ, ಉಳಿದ ದಿನವೆಲ್ಲ ಬೆಳಗಿನ ಚಳಿಯಲ್ಲೇ ಸ್ಟಾರ್ಟ್ ಆಗಬೇಕು.