ಒಂದಕ್ಕೆ 42, ಇನ್ನೊಂದಕ್ಕೆ 24: ಎರಡು ಹಳೇ ಕಾರು ಒಟ್ಟಿಗೆ ತೋರಿಸಿದರೆ ಮೊದಲು ಗಾಳಿ ನೋಡಿ

ಎರಡೂ ಒಂದೇ ಮಾಡೆಲ್, ಒಂದೇ ಟರ್ಬೊ ಪೆಟ್ರೋಲ್ ಎಂಜಿನ್. ಒಂದು ಬೂದು, ಒಂದು ಬಿಳಿ. ಎರಡನ್ನೂ ಓಡಿಸಿ ಬಿಳಿಯದನ್ನು ಆರಿಸಿದೆ. ನಾನು ಆರಿಸಿದೆ ಅಂದುಕೊಂಡೆ ಅಷ್ಟೇ, ಆರಿಸಿದ್ದು ಮಾರಿದವನು.

ಬೂದು ಗಾಡಿಯ ಸ್ಟೀರಿಂಗ್ ಭಾರ, ತಿರುವಿನಲ್ಲಿ ಒಂದು ಕ್ಷಣ ತಡೆದು ಆಮೇಲೆ ತಿರುಗುತ್ತಿತ್ತು. ಬಿಳಿಯದು ಬೆರಳಿಟ್ಟರೆ ಸಾಕು. ಅದನ್ನೇ ಕೊಂಡೆ. ಮರುದಿನ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿಯ ಒತ್ತಡ ಅಳೆಯುವ ಗೇಜ್ ಇಟ್ಟರೆ ನಾಲ್ಕರಲ್ಲೂ 42 ಪಿಎಸ್‌ಐ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುವುದು 33. ಗಾಳಿ ಜಾಸ್ತಿಯಾದರೆ ಟೈರಿನ ಪಕ್ಕೆ ಬಿಗಿಯಾಗುತ್ತೆ, ಸ್ಟೀರಿಂಗ್ ಹಗುರ, ಗಾಡಿ ಚುರುಕು ಅನ್ನಿಸುತ್ತೆ. 33ಕ್ಕೆ ಇಳಿಸಿದೆ, ನಿಜರೂಪ ಹೊರಬಂತು. ಹಂಪ್ ದಾಟಿದ ಮೇಲೂ ಹಿಂಭಾಗ ಎರಡು ಮೂರು ಸಲ ತೂಗುತ್ತೆ, ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಎಣ್ಣೆ ಸೋರಿ ಒದ್ದೆ, ಮುಂದೆ ಎಡಗಡೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿಡುವ ತೋಳಿನ ರಬ್ಬರ್) ಹರಿದಿದೆ. ಅವನು ಓಡಿಸಲು ಕೊಟ್ಟಿದ್ದು ನುಣ್ಣನೆಯ ರಸ್ತೆ ಮಾತ್ರ!

ವಾಪಸ್ ಹೋದಾಗ ಬೂದು ಗಾಡಿ ಅಲ್ಲೇ ನಿಂತಿತ್ತು. ಗೇಜ್ ಇಟ್ಟೆ. 24. ನಾಲ್ಕೂ 24.

“ನಿಂತ ಗಾಡಿ ಸಾರ್, ಗಾಳಿ ಇಳಿಯುತ್ತೆ.” ನಾಲ್ಕೂ ಮಾತಾಡಿಕೊಂಡು ಇಳಿಯುತ್ತಾ? ಪಕ್ಕದ್ದರಲ್ಲಿ ಮಾತ್ರ ಏರುತ್ತಾ? ಅದಕ್ಕೆ ಅವನು: “ಓಡಿಸಿ ನೋಡಿದ್ದು ನೀವೇ ಅಲ್ವಾ? ಇದೇ ಬೇಕು ಅಂದಿದ್ದು ನೀವೇ ಅಲ್ವಾ?” ಹೌದು, ನಾನೇ. ಹೊಟ್ಟೆ ಉರಿಯುವುದೂ ಅದಕ್ಕೇ.

ಎಳೆತದ ಕಥೆಯೂ ಅಷ್ಟೇ. ಬೂದು ಗಾಡಿಯಲ್ಲಿ ಎಸಿ ಫುಲ್. ಬಿಳಿಯದಕ್ಕೆ ಹತ್ತಿದಾಗ “ಗಾಜು ಇಳಿಸಿ ಸಾರ್, ಎಂಜಿನ್ ಸದ್ದು ಕೇಳಿ” ಅಂದ, ಎಸಿ ಆಫ್. ಸಣ್ಣ ಎಂಜಿನ್ನಿಗೆ ಕಂಪ್ರೆಸರ್ ಹೊರೆ ಎಷ್ಟು ಅಂತ ಗೊತ್ತಿದ್ದೂ ಹೊಳೆಯಲಿಲ್ಲ. ಡ್ಯಾಶಿನ ಗಡಿಯಾರ ತಪ್ಪು ಸಮಯ ತೋರಿಸುತ್ತಿತ್ತು, ಅದೂ ಕಂಡಿತ್ತು. ಬ್ಯಾಟರಿ ಕಳಚಿ ಹಾಕಿದ ಗುರುತಿರಬಹುದು ಅದು, ಹಾಗೆ ಮಾಡಿದರೆ ಎಂಜಿನ್ನಿನ ದೋಷದ ಕೋಡ್ ಅಳಿಸಿಹೋಗಬಹುದು. ಮೂರನೇ ದಿನ ಉದ್ದನೆಯ ಏರಿನಲ್ಲಿ ಎಂಜಿನ್ ಲೈಟ್ ಹತ್ತಿತು, ಎಳೆತ ಸತ್ತಿತು. ಸ್ಕ್ಯಾನರಿನಲ್ಲಿ ಪಿ0299, ಅಂದರೆ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದ ಒತ್ತಡ ಸಾಲದು. ಇಂಟರ್‌ಕೂಲರ್ ಹೋಸ್ (ಟರ್ಬೊ ಗಾಳಿ ಒಯ್ಯುವ ಕೊಳವೆ) ಒಳಬದಿಯಲ್ಲಿ ಸೀಳಿದೆ. ಮೆಲ್ಲಗೆ ಓಡಿಸಿದರೆ ಬಾಯಿ ಮುಚ್ಚಿಕೊಂಡಿರುತ್ತೆ, ಒತ್ತಡ ಏರಿದಾಗ ತೆರೆಯುತ್ತೆ. ಫೋನ್ ಮಾಡಿದರೆ “ಸೆನ್ಸರ್ ಇರ್ಬೇಕು ಸಾರ್, ಕ್ಲೀನ್ ಮಾಡಿಸಿ.”

ಗೇಜ್ ನಿಮ್ಮದೇ ಇರಲಿ. ಎರಡಕ್ಕೂ ಸ್ಟಿಕ್ಕರಿನಷ್ಟೇ ಗಾಳಿ ಹಾಕಿಸಿ, ಎಸಿ ಎರಡರಲ್ಲೂ ಒಂದೇ ಥರ ಇರಲಿ, ಒಂದೇ ಕೆಟ್ಟ ರಸ್ತೆ, ಒಂದೇ ಏರು. ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸಾಧನ) ಚುಚ್ಚಿ ಕೋಡ್ ಇಲ್ಲ ಅಂತ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್ ನೋಡಿ, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅಂತ ತೋರಿಸುವ ಪಟ್ಟಿ. ಬಹಳಷ್ಟು ‘ಇನ್‌ಕಂಪ್ಲೀಟ್’ ಇದ್ದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು. ಬಾನೆಟ್ ಮುಟ್ಟಿ, ನೀವು ಬರುವ ಮೊದಲೇ ಬಿಸಿಯಾಗಿದ್ದರೆ ತಣ್ಣಗಾದ ಮೇಲೆ ಬರ್ತೀನಿ ಅನ್ನಿ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡುವಾಗಿನ ತೊಂದರೆ ಬಿಸಿಯಲ್ಲಿ ಮರೆಯಾಗಬಹುದು.

ಬೂದು ಗಾಡಿಗೆ 33 ಹಾಕಿ ಇನ್ನೊಮ್ಮೆ ಓಡಿಸ್ತೀನಿ ಅಂತಲೂ ಕೇಳಿದೆ. “ಅದು ಬುಕ್ ಆಗಿದೆ ಸಾರ್” ಅಂದ.