ಕಥೆ ಪುಕ್ಕಟೆ, ಖರ್ಚು ಕಾಗದಕ್ಕೆ: ಸ್ಟೋರಿವೀವರ್ ಬಗ್ಗೆ ಒಬ್ಬ ಲೈಬ್ರೇರಿಯನ್ ಅನಿಸಿಕೆ

ಮಕ್ಕಳಿಗೆ ಓದಲಿಕ್ಕೆ ಕನ್ನಡದಲ್ಲಿ ಏನಾದರೂ ಸಿಗುತ್ತದಾ ಎಂದು ಕೇಳುವವರಿಗೆಲ್ಲ ನಾನು ಹೇಳುವ ಮೊದಲ ಹೆಸರು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ ಎಂಬ ಲಾಭದಾಸೆಯಿಲ್ಲದ ಪ್ರಕಾಶನ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನಕ್ಕೆ ಸರಿಯಾಗಿ ಶುರುಮಾಡಿದ ವೆಬ್‌ಸೈಟ್ ಇದು. ಈಗ 300ಕ್ಕೂ ಹೆಚ್ಚು ಭಾಷೆಗಳ ಚಿತ್ರಕಥೆಗಳು ಅಲ್ಲಿವೆ, ಕನ್ನಡದ್ದೂ ಧಾರಾಳ ಇವೆ. ಹಣ ಕೊಡಬೇಕಾಗಿಲ್ಲ. ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಅನುವಾದ ಮಾಡಬಹುದು, ಬೇರೆಯವರಿಗೆ ಹಂಚಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿದರೆ ಸಾಕು. ಈ ಸೈಟಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹೇಳುವುದು ಅದನ್ನೇ.

ನಾನಿರುವುದು ಕೇರಳದ ಗಡಿನಾಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ಒಂದು ಸಣ್ಣ ಗ್ರಂಥಾಲಯದಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಬಾಗಿಲು ತೆಗೆಯುತ್ತೇನೆ. ಪೇಪರ್ ಓದುವ ಹಿರಿಯರು ಒಂದು ಬದಿ, ಚಪ್ಪಲಿ ಬಿಡುವಲ್ಲೇ ಜಗಳ ಶುರುಮಾಡುವ ಮಕ್ಕಳು ಇನ್ನೊಂದು ಬದಿ. ಮಲಯಾಳದ ಮಕ್ಕಳ ಪುಸ್ತಕಕ್ಕೆ ಕೇರಳದಲ್ಲಿ ಬರ ಎಂಬುದಿಲ್ಲ, ಪುಸ್ತಕೋತ್ಸವಕ್ಕೆ ಹೋದರೆ ಚೀಲ ತುಂಬ ತರಬಹುದು. ಕನ್ನಡದ್ದು ಬೇಕಾದರೆ ಮಂಗಳೂರಿನ ಬಸ್ಸು ಹತ್ತಬೇಕು. ಹತ್ತಿದರೂ ಗ್ರಾಂಟಿನ ದುಡ್ಡಿಗೆ ಬರುವುದು ನೀತಿಕಥೆ, ಮಹಾಪುರುಷರ ಚರಿತ್ರೆ, ಮತ್ತೆ ರಾಜ–ಮಂತ್ರಿ. ಅಂಥವನ್ನು ದೊಡ್ಡವರು ಮಕ್ಕಳ ಕೈಗೆ ಕೊಡುತ್ತಾರೆ, ಮಕ್ಕಳಾಗಿ ಕಪಾಟಿನಿಂದ ಎಳೆದುಕೊಳ್ಳುವುದು ಕಡಿಮೆ.

ಇನ್ನೊಂದು ವಿಷಯ ಗಡಿಯ ಆಚೆಯವರಿಗೆ ಗೊತ್ತಿರುವುದಿಲ್ಲ. ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರೇ ಕಡಿಮೆ. ಒಬ್ಬನಿಗೆ ತುಳು, ಒಬ್ಬಳಿಗೆ ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ, ಹವ್ಯಕ ಹೀಗೆ. ಕನ್ನಡ ಅವರಿಗೆ ಶಾಲೆಯ ಭಾಷೆ. ಶಾಲೆಯ ಹೊರಗೆ ಅದು ಕಣ್ಣಿಗೆ ಬೀಳಬೇಕಾದರೆ ಕಥೆಪುಸ್ತಕವೇ ಆಗಬೇಕು, ಯಾಕೆಂದರೆ ಬಸ್ಸಿನ ಬೋರ್ಡೂ ಮಲಯಾಳದಲ್ಲೇ ಇರುವುದು ಹೆಚ್ಚು.

ಸೈಟಿನಲ್ಲಿ ಭಾಷೆ ಆರಿಸಿ, ಹಂತ ಆರಿಸಿದರೆ ಕಥೆಗಳ ಮುಖಪುಟಗಳು ಸಾಲಾಗಿ ಬರುತ್ತವೆ. ಹಂತ ನಾಲ್ಕು. ಒಂದನೆಯದು ಈಗಷ್ಟೇ ಓದತೊಡಗಿದವರಿಗೆ, ಸುಮಾರು 250 ಪದಗಳ ಒಳಗೆ. ಎರಡನೆಯದು 600ರವರೆಗೆ. ಮೂರನೆಯದು 1500ರವರೆಗೆ, ತಾವಾಗಿ ಓದಬಲ್ಲವರಿಗೆ. ಅದಕ್ಕೂ ಮೇಲಿನದ್ದು ನಾಲ್ಕು. ಯಾವ ತಲೆನೋವೂ ಇಲ್ಲದ ಏರ್ಪಾಡು. ಆನೆ, ರೈಲು, ಬಾಹ್ಯಾಕಾಶ, ಅಜ್ಜಿಯ ಕನ್ನಡಕ, ಹಲ್ಲು ಬೀಳುವುದು, ಏನು ಬೇಕಾದರೂ ಸಿಗುತ್ತದೆ. ಚಿತ್ರಗಳಂತೂ ಬಹಳ ಚಂದ. ಮಕ್ಕಳನ್ನು ಬುದ್ಧಿವಂತರೆಂದು ನಂಬಿ ಬಿಡಿಸಿದ ಚಿತ್ರಗಳು, ಕೆನ್ನೆಗೆ ಗುಲಾಬಿ ಬಳಿದ ಕ್ಯಾಲೆಂಡರ್ ಮಕ್ಕಳಲ್ಲ.

ಆದರೆ ಈ ಹಂತದ ಲೆಕ್ಕವನ್ನು ಕನ್ನಡಕ್ಕೆ ಹಾಗೆಹಾಗೇ ನಂಬಬೇಡಿ. ಪದ ಎಷ್ಟು, ವಾಕ್ಯ ಎಷ್ಟುದ್ದ ಎಂದು ಎಣಿಸಿದರೆ ಇಂಗ್ಲಿಷಿನಲ್ಲಿ ಸುಲಭ–ಕಷ್ಟ ಒಂದು ಮಟ್ಟಿಗೆ ತಿಳಿಯುತ್ತದೆ. ನಮ್ಮಲ್ಲಿ ಮಗು ಎಡವುವುದು ಒತ್ತಕ್ಷರದಲ್ಲಿ. ಪುಟಕ್ಕೆ ಒಂದೇ ವಾಕ್ಯ ಇರುವ ಒಂದನೇ ಹಂತದ ಕಥೆಯಲ್ಲೂ ‘ಆಶ್ಚರ್ಯ’ ಎಂಬ ಪದ ಬಂದರೆ ಎರಡನೇ ಕ್ಲಾಸಿನವ ಅಲ್ಲೇ ಕೂತ. ಅರ್ಕಾವತ್ತು ಇನ್ನೂ ಪಳಗದ ಮಗು ‘ಸೂರ್ಯ’ವನ್ನು ‘ಸೂಯರ’ ಎಂದು ಓದುತ್ತದೆ. ಅದರ ತಪ್ಪಲ್ಲ, ಕಣ್ಣಿಗೆ ಮೊದಲು ಕಾಣುವುದು ‘ಯ’ವೇ ಅಲ್ಲವಾ? ಅದೇ ಮಗು, ಒತ್ತಕ್ಷರ ಕಡಿಮೆ ಇರುವ ಎರಡನೇ ಹಂತದ ಉದ್ದ ಕಥೆಯನ್ನು ಸರಾಗ ಓದಿಬಿಡುತ್ತದೆ. ಹಾಗಾಗಿ ನಾನು ಪ್ರತಿ ಕಥೆಯನ್ನೂ ಒಮ್ಮೆ ಓದಿ, ಒತ್ತಕ್ಷರ ವಿರಳವಾಗಿರುವವನ್ನು ಬೇರೆ ಪೆಟ್ಟಿಗೆಗೆ ಹಾಕುತ್ತೇನೆ. ಪೆಟ್ಟಿಗೆಗೆ ಹಂತದ ನಂಬರ್ ಬರೆಯುವುದಿಲ್ಲ. ನಂಬರ್ ಕಂಡ ಕೂಡಲೇ ‘ನೀನಿನ್ನೂ ಒಂದರಲ್ಲಾ?’ ಎಂಬ ಹಂಗಿಸುವಿಕೆ ಶುರುವಾಗುತ್ತದೆ.

ಇನ್ನು ಅನುವಾದ. ಯಾರು ಬೇಕಾದರೂ ಅನುವಾದಿಸಿ ಹಾಕಬಹುದಾದ ಜಾಗದಲ್ಲಿ ಎಲ್ಲ ಕನ್ನಡವೂ ಒಂದೇ ತೂಕದ್ದಾಗಿರಲಿಕ್ಕೆ ಸಾಧ್ಯವಿಲ್ಲ. ಇಳಿಸಿಕೊಳ್ಳುವ ಮೊದಲು ಎರಡು ಪುಟ ಬಾಯಿಬಿಟ್ಟು ಓದಿ ನೋಡಿ. ನಾಲಗೆ ತಡವರಿಸಿದರೆ ಬಿಡಿ, ಬೇರೆ ಸಾಕಷ್ಟಿವೆ.

ಫೋನಿನಲ್ಲೇ ಓದಿಸಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಒಬ್ಬ ಹುಡುಗನ ಅಮ್ಮ ಹೇಳಿದರು, ‘ಟೀಚರೇ, ಮೊಬೈಲಿನಲ್ಲಿ ಪುಕ್ಕಟೆ ಉಂಟಲ್ಲ, ಮತ್ತೆ ಯಾಕೆ ಪ್ರಿಂಟಿಗೆ ದುಡ್ಡು ಹಾಕ್ತೀರಿ?’ ನಾನು ಅವರ ಫೋನಿನಲ್ಲೇ ಕಥೆ ತೆಗೆದು ಹುಡುಗನ ಕೈಗೆ ಕೊಟ್ಟೆ. ಮೂರನೇ ಪುಟಕ್ಕೆ ಮೇಲಿಂದ ಒಂದು ಮೆಸೇಜ್ ಇಳಿಯಿತು. ನಾಲ್ಕನೇ ಪುಟಕ್ಕೆ ಚಿಕ್ಕಮ್ಮನ ಕಾಲ್. ಆಮೇಲೆ ಕಥೆಯ ಆನೆ ಎಲ್ಲಿ ಹೋಯಿತೋ, ಹುಡುಗ ಕ್ರಿಕೆಟ್ ರೀಲ್ಸ್ ನೋಡುತ್ತಿದ್ದ. ಅಮ್ಮ ನಕ್ಕು ಫೋನ್ ಚೀಲಕ್ಕೆ ಹಾಕಿಕೊಂಡರು. ಜೂನ್ ತಿಂಗಳಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ ಎಂಬ ಮಾತು ಬೇರೆ. ಕೆಲವು ಕಥೆಗಳಿಗೆ ಧ್ವನಿಯೂ ಇದೆ, ಓದುತ್ತಾ ಹೋದಂತೆ ಪದ ಬಣ್ಣ ಬದಲಿಸುತ್ತದೆ. ಅದನ್ನು ದೊಡ್ಡ ಪರದೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸುವುದು ಒಳ್ಳೆಯದು. ತಾನೇ ಕೂತು ಓದುವುದಕ್ಕೆ ಕಾಗದವೇ ಸೈ.

ಪ್ರಿಂಟಿನ ಲೆಕ್ಕ ಹೇಳಿಬಿಡುತ್ತೇನೆ, ಇದು ಯಾರಿಗಾದರೂ ಉಪಯೋಗಕ್ಕೆ ಬಂದೀತು. ಪಿಡಿಎಫ್ ಇಳಿಸಿ, ಪ್ರಿಂಟ್ ಕೊಡುವಾಗ ‘ಬುಕ್‌ಲೆಟ್’ ಎಂದು ಆರಿಸಬೇಕು. ಆಗ ಎ4 ಹಾಳೆಯ ಒಂದು ಮೈಯಲ್ಲಿ ಎರಡು ಪುಟ ಬರುತ್ತದೆ, ಮಡಚಿದರೆ ಪುಸ್ತಕ. 16 ಪುಟದ ಕಥೆಗೆ ನಾಲ್ಕು ಹಾಳೆ, ಎಂಟು ಮೈ. ನಮ್ಮ ಪೇಟೆಯ ಫೋಟೋಸ್ಟಾಟ್ ಅಂಗಡಿಯಲ್ಲಿ ಕಲರಿಗೆ ಮೈಯೊಂದಕ್ಕೆ 10 ರೂಪಾಯಿ, ಅಂದರೆ ಕಥೆಗೆ 80. ಕಪ್ಪು–ಬಿಳುಪಾದರೆ 2ರ ಲೆಕ್ಕದಲ್ಲಿ 16. ನಾನು ರಟ್ಟಿನ ಪುಟ ಮಾತ್ರ ಕಲರ್ ಮಾಡಿಸಿ ಒಳಗಿನದನ್ನು ಕಪ್ಪು–ಬಿಳುಪು ಮಾಡಿಸುತ್ತೇನೆ. ಮಕ್ಕಳು ಬಣ್ಣ ಹಚ್ಚಿಕೊಳ್ಳಲಿ ಎಂದು ಒಂದೆರಡು ಹೆಚ್ಚುವರಿ ಪ್ರತಿ. ಅಂಗಡಿಯ ಹುಡುಗನಿಗೆ ಬುಕ್‌ಲೆಟ್ ಗೊತ್ತಿಲ್ಲದೆ ಒಮ್ಮೆ ಪುಟಗಳು ಹಿಂದುಮುಂದಾಗಿ ಬಂದು, ನರಿ ಸತ್ತ ಮೇಲೆ ನರಿ ಹುಟ್ಟಿತು. ಮಕ್ಕಳಿಗೆ ಅದೂ ಖುಷಿಯೇ. ಪಿನ್ನು ಮಳೆಗಾಲಕ್ಕೆ ತುಕ್ಕು ಹಿಡಿದು ಕಾಗದಕ್ಕೆ ಕಲೆಯಾಗುತ್ತದೆ, ಆದ್ದರಿಂದ ಮಡಿಕೆಯಲ್ಲಿ ದಾರ ಹೊಲಿಯುತ್ತೇನೆ.

ಈ ತೆಳ್ಳಗಿನ ಪುಸ್ತಕಗಳನ್ನು ಹೊರಗಿಟ್ಟಾಗ ಬಂದ ಮೊದಲ ಪ್ರಶ್ನೆ ಕಥೆಯ ಬಗ್ಗೆ ಅಲ್ಲ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕವನ್ನು ಎದೆಗೆ ಒತ್ತಿಹಿಡಿದು ಕೇಳಿದಳು, ‘ಟೀಚರೇ, ಇದರದ್ದು ಟಿಪ್ಪಣಿ ಬರೀಲಿಕ್ಕೆ ಉಂಟಾ?’

‘ಇಲ್ಲ.’

‘ಕ್ವಿಜ್?’

‘ಅದೂ ಇಲ್ಲ ಮಗಾ.’

ಎದೆಗೆ ಒತ್ತಿಕೊಂಡದ್ದರ ಮೇಲೆ ಇನ್ನೊಂದು ತೆಗೆದಿಟ್ಟುಕೊಂಡಳು.

ಪಿ. ಎನ್. ಪಣಿಕ್ಕರ್ ಅವರು ಊರೂರಿಗೆ ಗ್ರಂಥಾಲಯ ಕಟ್ಟಿಸಿದ ರಾಜ್ಯ ಇದು. ಅವರು ತೀರಿಕೊಂಡ ಜೂನ್ 19 ನಮಗೆ ವಾಚನಾ ದಿನ, ಅಲ್ಲಿಂದ ಜುಲೈ 7ರವರೆಗೆ ವಾಚನಾ ಪಕ್ಷಾಚರಣೆ. ಉತ್ಸಾಹಕ್ಕೇನೂ ಕಮ್ಮಿ ಇಲ್ಲ. ಆದರೆ ಓದಿದ ಪುಸ್ತಕದ ಬಗ್ಗೆ ಬರೆದುಕೊಡಬೇಕಾದ ಆಸ್ವಾದನಾ ಟಿಪ್ಪಣಿ ಎಂಬ ಒಂದು ಹಾಳೆ ಎಷ್ಟು ಮಕ್ಕಳನ್ನು ಪುಸ್ತಕದಿಂದ ಓಡಿಸಿದೆ ಎಂಬುದನ್ನು ಕೌಂಟರಿನ ಈಚೆ ಕೂತವರನ್ನು ಕೇಳಬೇಕು. ಲೇಖಕರ ಹೆಸರು, ಕಥೆಯ ಸಾರಾಂಶ, ಕಲಿತ ನೀತಿ. ಕಥೆ ಮುಗಿದ ಮೇಲೆ ಮಗುವಿಗೆ ಹಾಗೇ ಸ್ವಲ್ಪ ಹೊತ್ತು ಕೂತಿರಬೇಕು ಅನಿಸಿರುತ್ತದೆ, ನಾವು ಪೆನ್ನು ಕೊಡುತ್ತೇವೆ. ಒಂದು ಶಾಲೆಯಲ್ಲಿ ಓದಿದ ಪುಸ್ತಕಕ್ಕೊಂದು ನಕ್ಷತ್ರ ಅಂಟಿಸುವ ಚಾರ್ಟ್ ಇತ್ತು. ಅಲ್ಲಿಯ ಮಕ್ಕಳು ನನ್ನಲ್ಲಿಗೆ ಬಂದು ಪೆಟ್ಟಿಗೆಯಲ್ಲಿ ಅತಿ ತೆಳ್ಳಗಿನದ್ದು ಯಾವುದು ಎಂದು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಅವರು ಜಾಣರು, ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಇದು ನನ್ನ ಗೊಣಗು ಮಾತ್ರ ಅಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿ, ಕೊಟ್ಟೂ ಕೊಟ್ಟರು. ಕೆಲವು ದಿನಗಳ ನಂತರ ಯಾವ ಬಹುಮಾನವೂ ಇಲ್ಲದೆ ಬಣ್ಣದ ಪೆನ್ನು ಇಟ್ಟಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದನ್ನು ಮುಟ್ಟಿದರು. ಓದಿಗೂ ಇದು ಹೊಂದುತ್ತದೆ ಎಂಬುದು ನನ್ನ ಅಂದಾಜು.

ಆಯ್ಕೆ ಮಕ್ಕಳದ್ದೇ. ಆರಿಸಲಿಕ್ಕೆ ಒಂದು ಉಪಾಯ ಮಾತ್ರ ಹೇಳಿಕೊಡುತ್ತೇನೆ. ಮಧ್ಯದ ಯಾವುದಾದರೂ ಪುಟ ತೆಗೆದು ಓದು, ಬಾರದ ಪದಕ್ಕೊಂದು ಬೆರಳು ಮಡಚು, ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯ ಬೇಡ. ಇದು ಇಂಗ್ಲಿಷ್ ಶಾಲೆಗಳಲ್ಲಿ ಹಳೆಯ ರೂಢಿ. ಪುಟಕ್ಕೆ ಒಂದೆರಡೇ ಸಾಲಿರುವ ಈ ಕಥೆಗಳಿಗೆ ಐದು ಹೆಚ್ಚಾಯಿತು, ನಾನು ಮೂರಕ್ಕೆ ಇಳಿಸಿದ್ದೇನೆ. ಅರ್ಧ ಓದಿ ವಾಪಸ್ ತಂದರೆ ಯಾಕೆಂದು ಕೇಳುವುದಿಲ್ಲ. ಅದೇ ಕಥೆಯನ್ನು ಹತ್ತನೇ ಸಲ ಕೊಂಡೊಯ್ದರೂ ಕೇಳುವುದಿಲ್ಲ. ಅಪ್ಪ–ಅಮ್ಮಂದಿರಿಗೆ ಈ ಎರಡನೆಯದ್ದೇ ಹೆಚ್ಚು ಕಿರಿಕಿರಿ, ‘ಹೊಸತು ತೆಕ್ಕೊಳ್ಳೋ’ ಎಂದು ಬಾಗಿಲಲ್ಲೇ ಗದರುತ್ತಾರೆ. ಮಗುವಿಗೆ ಆ ಪುಸ್ತಕ ಈಗ ಬಾಯಿಪಾಠ, ಅದನ್ನು ಓದುವಾಗ ತಾನು ದೊಡ್ಡ ಓದುಗ ಎಂಬ ಠೀವಿ ಅದಕ್ಕಿರುತ್ತದೆ. ಬಿಡಿ ಪಾಪ.

ಗಡಿನಾಡಿಗೆ ಮಾತ್ರ ಸಿಗುವ ಲಾಭ ಒಂದಿದೆ. ಎಷ್ಟೋ ಕಥೆಗಳು ಅದೇ ಚಿತ್ರದೊಂದಿಗೆ ಮಲಯಾಳದಲ್ಲೂ ಇವೆ. ಮಲಯಾಳ ಮಾತ್ರ ಓದಬಲ್ಲ ಅಮ್ಮ ಒಬ್ಬರು ಮಲಯಾಳದ್ದು ಕೊಂಡೊಯ್ದರು, ಮಗಳು ಕನ್ನಡದ್ದು. ರಾತ್ರಿ ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದು ಪುಟ ಓದುತ್ತಾರಂತೆ. ಇಂಥದ್ದಕ್ಕೆ ಬೇರೆ ಎಲ್ಲಿ ಪುಸ್ತಕ ಸಿಗಬೇಕು?

ಹೈಸ್ಕೂಲಿನವರಿಗೆ ಇಲ್ಲಿ ಹೆಚ್ಚೇನೂ ಇಲ್ಲ, ಏಳನೇ ಕ್ಲಾಸು ದಾಟಿದವರು ಚಿತ್ರಪುಸ್ತಕ ಕಂಡರೆ ಮೂಗು ಮುರಿಯುತ್ತಾರೆ. ಮಗುವಿನ ಕೈಗೆ ಫೋನ್ ಕೊಟ್ಟು ಅಡುಗೆ ಮುಗಿಸುವ ಅಂದಾಜಿನವರಿಗೂ ಇದು ಆಗಿಬರುವುದಿಲ್ಲ. ಕೂತು ಆರಿಸಿ, ಪ್ರಿಂಟ್ ಹಾಕಿಸಿ, ಹೊಲಿಯುವ ದೊಡ್ಡವರು ಒಬ್ಬರು ಬೇಕು. ಅಂಥ ಮಾಷ್ಟ್ರಿಗೋ ಟೀಚರಿಗೋ ಲೈಬ್ರೇರಿಯನ್‌ಗೋ ಐದಕ್ಕೆ ನಾಲ್ಕೂವರೆ ಕೊಡಬಹುದಾದ ಜಾಗ.

ಪ್ರಿಂಟ್ ಹಾಕಿಸುವಾಗ ಒಂದು ಗಮನವಿರಲಿ. ಪಿಡಿಎಫ್‌ನ ಕೊನೆಯಲ್ಲಿ ಲೇಖಕರು, ಚಿತ್ರಕಾರರು, ಅನುವಾದಕರು, ಪರವಾನಗಿ ಎಲ್ಲ ಇರುವ ಪುಟ ಬರುತ್ತದೆ. ಹಾಳೆ ಉಳಿಸಲಿಕ್ಕೆ ಅದನ್ನು ಬಿಟ್ಟುಬಿಡುವವರಿದ್ದಾರೆ. ಪುಕ್ಕಟೆ ಕಥೆಗೆ ಅವರು ಕೇಳುವುದು ಅದೊಂದನ್ನೇ. ಬುಕ್‌ಲೆಟ್‌ನಲ್ಲಿ ಜಾಗ ಸಾಲದಿದ್ದರೆ ಸಣ್ಣದಾಗಿ ಪ್ರಿಂಟ್ ಮಾಡಿಸಿ ಹಿಂಬದಿಯ ರಟ್ಟಿನ ಒಳಮೈಗೆ ಅಂಟಿಸಿ.