ಸಂಗೀತ ಕಛೇರಿಯ ಮಂದ ಬೆಳಕಿಗೆ ಯಾವ ಲೆನ್ಸ್: 50 ಎಂಎಂ ಅಥವಾ ಜೂಮ್?

ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಸುಗಮ ಸಂಗೀತ ಅಂದುಕೊಳ್ಳಿ. ಫ್ಲ್ಯಾಶ್ ಬೇಡ, ಹಾಡುವವರ ಕಣ್ಣಿಗೆ ಹೊಡೆಯುತ್ತೆ ಅಲ್ವಾ. ಹಾಗಾದರೆ ಕ್ಯಾಮೆರಾಗೆ ಜೂಮ್ ಆಗದ 50 ಎಂಎಂ ಎಫ್/1.8 ಲೆನ್ಸ್ ಹಾಕಬೇಕೋ, ದೂರದ್ದನ್ನು ಹತ್ತಿರ ತರುವ 55-250 ಎಂಎಂ ಜೂಮೋ?

ಬೆಳಕಿನ ಲೆಕ್ಕ ನೋಡಿ. ಅಪರ್ಚರ್ ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಜೂಮನ್ನು 250ಕ್ಕೆ ಎಳೆದರೆ ಅದು ಎಫ್/5.6ಕ್ಕೆ ಇಳಿಯುತ್ತದೆ. 50 ಎಂಎಂ ಎಫ್/1.8ರಲ್ಲಿ ಒಳಗೆ ಬಿಡುವ ಬೆಳಕು ಅದರ ಹತ್ತಿರಹತ್ತಿರ 10 ಪಟ್ಟು. 50ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಶಟರ್ ತೆರೆದಿರುವ ಹೊತ್ತು 1/200 ಸೆಕೆಂಡ್ ಸಾಕಾಗುವ ಕಡೆ, ಜೂಮ್ ಅದೇ ಐಎಸ್‌ಒದಲ್ಲಿ 1/20ಕ್ಕೆ ಇಳಿಯಬೇಕು. ಗಾಯಕಿಯ ಮುಖ ಹೇಗೋ ಉಳಿದೀತು. ತಬಲದ ಮೇಲಿನ ಬೆರಳು ಬರೀ ಹೊಗೆ. ಲೆನ್ಸ್‌ನ ಸ್ಟೆಬಿಲೈಸರ್ ತಡೆಯುವುದು ನಿಮ್ಮ ಕೈನಡುಕವನ್ನು, ಅವರ ಬೆರಳನ್ನಲ್ಲ.

ಆದರೆ 50ಕ್ಕೆ ಮುಂದಿನ ಸಾಲು ಬೇಕು. ಹಿಂದೆ ಕೂತರೆ ಕಲಾವಿದರು ಕಡಲೆಕಾಳಿನಷ್ಟು, ಮುಂದಿನವರ ತಲೆಗಳೇ ಜಾಸ್ತಿ. 1.8ರಲ್ಲಿ ಫೋಕಸ್ ಸಿಗುವ ಜಾಗ ತೀರಾ ತೆಳು, ಚೂರು ತಪ್ಪಿದರೂ ಮುಖ ಮಸುಕು, ಮೈಕ್ ಮಾತ್ರ ಶಾರ್ಪ್. ನನಗೆ ಎಷ್ಟೋ ಸಲ ಆಗಿದೆ. 2.2ಕ್ಕೆ ಇಟ್ಟರೆ ಸ್ವಲ್ಪ ನೆಮ್ಮದಿ.

ನನ್ನ ಓಟು 50ಕ್ಕೆ. ತೀರ್ಥಹಳ್ಳಿ ಕಡೆ ಬಯಲಿನ ಯಕ್ಷಗಾನಕ್ಕೆ ಹೋಗುವಾಗ, ಒಳ್ಳೇ ಲೈಟಿದ್ದರೆ ಜೂಮ್ ಒಯ್ಯಿರಿ. ಯಾವುದೇ ಇರಲಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಮಲೆನಾಡಿನ ತೇವಕ್ಕೆ ಲೆನ್ಸ್‌ನೊಳಗೂ ಬೂಷ್ಟು ಹಿಡಿಯುತ್ತದೆ.